ಗಿಣ್ಣ ಮೊದಲು ಕರುವಿಗೆ
(ಬೆಳವಣಕಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಮಾತು)



ಎಮ್ಮೆ ಈದರೆ ನಮ್ಮ ಕಡೆ ಓಣಿಯವರಿಗೆಲ್ಲ ಗಿಣ್ಣ ಹಂಚುತ್ತೇವೆ. ಒಳ್ಳೆಯ ಪದ್ಧತಿ, ಬಿಡ್ರಿ ಅಂತ ನಾನು ಹೇಳೋದಿಲ್ಲ. ಆದರೆ ಅಷ್ಟೊತ್ತಿಗೆ ಕರು ಏನು ಕುಡಿದಿರುತ್ತದೆ? “ಮಾಸ ಬೀಳಲಿ, ಆಮೇಲೆ ಬಿಟ್ಟರಾಯ್ತು” ಅಂತ ಅದನ್ನು ದೂರ ಕಟ್ಟಿರುತ್ತೇವೆ. ನಮ್ಮ ಮನೆಯಲ್ಲೂ ಹಾಗೇ ಮಾಡಿ ಒಂದು ಹೆಣ್ಣುಕರು ಕಳಕೊಂಡೆವು. ಐದನೇ ದಿನಕ್ಕೆ ಭೇದಿ ಹಿಡಿದು ಹೋಯ್ತು. ಗಿಣ್ಣ ಹೆಚ್ಚಾಯ್ತು ಅಂದರು ಹಿರಿಯರು. ಅದಕ್ಕೆ ಸಿಕ್ಕಿದ್ದೇ ತಡವಾಗಿ, ಅದೂ ಅರ್ಧ ತಂಬಿಗೆ!

ಮನುಷ್ಯರ ಕೂಸಿಗೆ ತಾಯಿಯ ರೋಗನಿರೋಧಕ ಕಣಗಳು ಗರ್ಭದಲ್ಲೇ ಸಿಗುತ್ತವೆ. ಆಕಳು, ಎಮ್ಮೆ, ಕುರಿ, ಆಡುಗಳಲ್ಲಿ ಅವು ಮಾಸವನ್ನು ದಾಟುವುದಿಲ್ಲ. ಕರು ಬರಿಗೈಯಲ್ಲೇ ಹುಟ್ಟುತ್ತದೆ. ಅದಕ್ಕೇ ಅದರ ಎಳೆಗರುಳು ಗಿಣ್ಣದ ಕಣಗಳನ್ನು ಅರಗಿಸದೆ ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ತಾಸುತಾಸಿಗೂ ಆ ಬಾಗಿಲು ಮುಚ್ಚುತ್ತ ಹೋಗಿ, ಸುಮಾರು 24 ತಾಸಿಗೆ ಪೂರಾ ಬಂದ್.

ಈ ಕರುಳನ್ನು ಸಜ್ಜು ಮಾಡುವುದರಲ್ಲಿ ಹಾರ್ಮೋನುಗಳ ಕೈವಾಡ ದೊಡ್ಡದು. ದಿನ ತುಂಬಿದಾಗ ಹೊಟ್ಟೆಯೊಳಗಿನ ಕರುವಿನ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿ ಕಾರ್ಟಿಸಾಲ್ ಸುರಿಸುತ್ತದೆ. ಹೆರಿಗೆಗೆ ಸೂಚನೆ ಕೊಡುವುದೂ ಅದೇ, ಪುಪ್ಪುಸ ಮತ್ತು ಕರುಳನ್ನು ಮಾಗಿಸುವುದೂ ಅದೇ. ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳ ಮೇಲೆ ಈ ವಿಷಯ ಅಭ್ಯಾಸ ಮಾಡಿದರು. ಅವಧಿಗೆ ಮುಂಚೆ ನೋವು ಬಂದ ಗರ್ಭಿಣಿಗೆ ಇಂದು ಕೊಡುವ ಡೆಕ್ಸಾಮೆಥಾಸೋನ್ ಸೂಜಿ ಇದೇ ಜಾತಿಯದು. ಅದು ಮುಖ್ಯವಾಗಿ ಕೂಸಿನ ಪುಪ್ಪುಸಕ್ಕೆ. ಆದರೆ ಎಳೆಗೂಸುಗಳ ಕರುಳು ಕೊಳೆಯುವ ರೋಗವನ್ನೂ ಕಡಿಮೆ ಮಾಡುತ್ತದೆ.

ಹುಟ್ಟಿದ ಮೇಲೆ ಕೆಲಸ ಗಿಣ್ಣದ್ದು. ಇನ್ಸುಲಿನ್ ಮತ್ತು ಅದನ್ನು ಹೋಲುವ ಬೆಳವಣಿಗೆಯ ಅಂಶಗಳು ಮುಂದಿನ ಹಾಲಿಗಿಂತ ಅದರಲ್ಲಿ ಬಹಳ ಹೆಚ್ಚು. ಕರುಳಿನ ಒಳಗೋಡೆ ಬೆಳೆಯಲು ಇವು ನೆರವಾಗುತ್ತವೆ.

ಹಾಗಾದರೆ ಎಷ್ಟು ಕುಡಿಸಬೇಕು? ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು. 30 ಕಿಲೋ ಕರುವಿಗೆ 3 ಲೀಟರ್. ಅರ್ಧ ಎರಡು ತಾಸಿನೊಳಗೆ, ಉಳಿದದ್ದು ಹನ್ನೆರಡು ತಾಸಿನೊಳಗೆ. ಮಾಸಕ್ಕಾಗಿ ಕಾಯಬೇಡಿರಿ. ಕರು ಚೀಪಿದರೆ ಹುಟ್ಟುವ ಆಕ್ಸಿಟೋಸಿನ್ ಗರ್ಭಕೋಶವನ್ನು ಹಿಂಡುತ್ತದೆ, ಮಾಸ ಬೀಳಲಿಕ್ಕೂ ಅದು ಅನುಕೂಲವೇ.

ಇನ್ನೊಂದು ಮಾತು, ಅಜ್ಜಿಯರು ಸಿಟ್ಟಾಗಬಾರದು. ಬಾಣಂತಿಯ ಮೊದಲ ಹಳದಿ ಹಾಲನ್ನೂ ಹಿಂಡಿ ಚೆಲ್ಲುವವರು ಇದ್ದಾರೆ. ಕೂಸಿಗೆ ಜೇನು, ಸಕ್ಕರೆನೀರು ಬೇಡ. ಒಂದು ತಾಸಿನೊಳಗೆ ಎದೆಗೆ ಹಚ್ಚಿರಿ.

ಗಿಣ್ಣ ತಿನ್ನುವ ಆಸೆಯಿದ್ದರೆ ಎರಡನೇ ದಿನದ ಹಾಲಿನಲ್ಲೂ ಆಗುತ್ತದೆ, ಸ್ವಲ್ಪ ತೆಳ್ಳಗಿರುತ್ತದೆ ಅಷ್ಟೇ.