ನಗರಸಭೆಯೂ ಕಾನೂನಿಗೆ ತಲೆಬಾಗಬೇಕು
(ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣ)



ಅಹಾಬ ಅರಸನು ನಾಬೋತನ ದ್ರಾಕ್ಷೇತೋಟವನ್ನು ಕಸಿದುಕೊಂಡಾಗ, ಪ್ರವಾದಿಯಾದ ಎಲೀಯನು ಆ ತೋಟಕ್ಕೇ ಹೋಗಿ ಅರಸನನ್ನು ಪ್ರಶ್ನಿಸಿದನು. ಆಳುವವನೂ ನ್ಯಾಯಕ್ಕೆ ಒಳಪಟ್ಟವನೇ ಎಂಬುದು ಅಲ್ಲಿಯ ಪಾಠ. ಕೂಲಿಯಲ್ಲಿ ಮೋಸವಾದರೆ ನಾವು ಸಂಘಕ್ಕೆ ಓಡುತ್ತೇವೆ. ಆದರೆ ಪಂಚಾಯತಿಯೋ ನಗರಸಭೆಯೋ ಹಳ್ಳಕ್ಕೆ ಕೊಳಚೆ ಬಿಟ್ಟರೆ, "ಸರ್ಕಾರದ ಮೇಲೆ ಯಾರಿಗೆ ದೂರು ಕೊಡೋಣ?" ಎಂದು ಸುಮ್ಮನಾಗುತ್ತೇವೆ. ದೂರು ಕೊಡಲು ಜಾಗವಿದೆ ಎಂದು ತಿಳಿಸುವುದಕ್ಕಾಗಿಯೇ ಇಂದಿನ ಈ ಮಾತು.

ಮಧ್ಯಪ್ರದೇಶದ ರತ್ಲಾಮ್ ಊರಿನಲ್ಲಿ ಒಂದು ವಾರ್ಡಿನ ಜನ ತೆರೆದ ಚರಂಡಿ, ಮಲ, ಸಾರಾಯಿ ಕಾರ್ಖಾನೆಯ ನಾರುವ ನೀರು, ಸೊಳ್ಳೆ ಇವುಗಳ ನಡುವೆ ಬದುಕುತ್ತಿದ್ದರು. ನಗರಸಭೆ ಕಿವಿಗೊಡಲಿಲ್ಲ. ಜನರು ಸಬ್ ಡಿವಿಜನಲ್ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರು. ಆರು ತಿಂಗಳೊಳಗೆ ಯೋಜನೆ ಮಾಡಿ ಈ ಪೀಡೆಯನ್ನು ತೆಗೆಯಿರಿ ಎಂದು ಅವರು ನಗರಸಭೆಗೇ ಆಜ್ಞೆ ಮಾಡಿದರು. ಸೆಷನ್ಸ್ ಕೋರ್ಟು ಅದನ್ನು ರದ್ದುಮಾಡಿತು. ಹೈಕೋರ್ಟು ಮತ್ತೆ ಎತ್ತಿಹಿಡಿಯಿತು. ಆಗ ನಗರಸಭೆಯು ಹಣವಿಲ್ಲವೆಂದು ಸುಪ್ರೀಂ ಕೋರ್ಟಿಗೆ ಹೋಯಿತು.

1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಓ. ಚಿನ್ನಪ್ಪ ರೆಡ್ಡಿ ಅವರು ಆ ನೆಪವನ್ನು ತಳ್ಳಿಹಾಕಿದರು. ಹಣವಿಲ್ಲವೆಂದು ನಗರಸಭೆ ತನ್ನ ಕರ್ತವ್ಯದಿಂದ ಜಾರಿಕೊಳ್ಳುವಂತಿಲ್ಲ. ಬೇಕಾದರೆ ರಾಜ್ಯ ಸರ್ಕಾರದಿಂದ ಸಹಾಯವನ್ನೋ ಸಾಲವನ್ನೋ ಕೇಳಲಿ ಎಂದರು. ಮ್ಯಾಜಿಸ್ಟ್ರೇಟರ ಅಧಿಕಾರವೂ ಅವರ ಇಷ್ಟಕ್ಕೆ ಬಿಟ್ಟದ್ದಲ್ಲ, ಅದು ಕರ್ತವ್ಯ ಎಂದರು. ಸುಮಾರು 6 ಲಕ್ಷ ರೂಪಾಯಿಯ ಯೋಜನೆಯನ್ನು ಒಂದು ವರ್ಷದೊಳಗೆ ಮುಗಿಸಬೇಕೆಂದು ಗಡುವು ಹಾಕಿದರು. ಆಜ್ಞೆ ಮೀರಿದರೆ ಅಧಿಕಾರಿಗಳಿಗೆ ಶಿಕ್ಷೆಯಾಗಬಹುದೆಂದೂ ಎಚ್ಚರಿಸಿದರು.

ಆ ಅಧಿಕಾರ ಇಂದಿಗೂ ಇದೆ. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿತ್ತು. 2024ರ ಜುಲೈಯಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ನಮ್ಮ ನೀಲಗಿರಿ, ವಯನಾಡು ಕಡೆಗಳಲ್ಲಿ ಆರ್.ಡಿ.ಓ. ಅಥವಾ ಸಬ್ ಕಲೆಕ್ಟರರ ಕಚೇರಿಗೆ ಅರ್ಜಿ ಕೊಡಬೇಕು. ಇದಲ್ಲದೆ 2010ರ ಕಾಯಿದೆಯಂತೆ ಸ್ಥಾಪನೆಯಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ತಮಿಳುನಾಡು, ಕೇರಳ ಎರಡೂ ಅದರ ವ್ಯಾಪ್ತಿಗೆ ಸೇರಿವೆ. ಅದರ ಆಜ್ಞೆಯನ್ನು ಸರ್ಕಾರದ ಇಲಾಖೆ ಮೀರಿದರೆ, ಇಲಾಖೆಯ ಮುಖ್ಯಸ್ಥರೇ ಉತ್ತರ ಹೇಳಬೇಕು. ಆದರೆ ಅಲ್ಲಿಗೆ ಸಾಮಾನ್ಯವಾಗಿ ತೊಂದರೆ ಮೊದಲು ಕಾಣಿಸಿದ ಆರು ತಿಂಗಳೊಳಗೆ ಹೋಗಬೇಕು. ತಡಮಾಡಿದರೆ ಬಾಗಿಲು ಮುಚ್ಚೀತು.

ಹೀಗಿರಲು ನಾವು ಮಾಡಬೇಕಾದದ್ದೇನು? ಕೊಳಚೆ ಎಲ್ಲಿಂದ ಬರುತ್ತದೆ, ಯಾವ ತಾರೀಕಿನಿಂದ, ಎಷ್ಟು ಮನೆಗಳಿಗೆ ತೊಂದರೆ, ಯಾವ ಮಕ್ಕಳಿಗೆ ಕಾಯಿಲೆ ಎಂದು ಬರೆದಿಡೋಣ. ಲೈನಿನ ಎಲ್ಲ ಮನೆಯವರೂ ರುಜು ಹಾಕೋಣ. ರುಜು ಬಾರದವರು ಹೆಬ್ಬೆಟ್ಟು ಒತ್ತಲಿ. ಅರ್ಜಿಯ ನಕಲಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಜೋಪಾನವಾಗಿಡೋಣ. ಆಜ್ಞೆ ಬಂದ ಮೇಲೂ ಕೆಲಸ ನಡೆಯುತ್ತಿದೆಯೇ ಎಂದು ನೋಡುತ್ತಿರೋಣ.

ರತ್ಲಾಮಿನ ಜನರು ದೂರು ಕೊಡದೆ ಇದ್ದಿದ್ದರೆ ಮ್ಯಾಜಿಸ್ಟ್ರೇಟರ ಅಧಿಕಾರ ಪುಸ್ತಕದಲ್ಲೇ ಉಳಿಯುತ್ತಿತ್ತು. ಕಾವಲುಗಾರನನ್ನು ಎಬ್ಬಿಸುವ ಕೆಲಸ ನಮ್ಮದು. ಅದಕ್ಕೆ ಬೇಕಾದ ಧೈರ್ಯವನ್ನೂ ಒಗ್ಗಟ್ಟನ್ನೂ ಕರ್ತನು ನಮಗೆ ದಯಪಾಲಿಸಲಿ. ಆಮೆನ್.