ದೀಪದ ಎಣ್ಣೆ, ಕೆರೆಯ ನೀರು
(ಜಾತ್ರೆಯ ಸಭೆಯಲ್ಲಿ ಮಾಡಿದ ಭಾಷಣ)



ಛಟ್ಟಿ ಅಮಾವಾಸ್ಯೆ ಬಂತೆಂದರೆ ಗುಡ್ಡಾಪುರದ ದಾನಮ್ಮ ತಾಯಿಯ ಸನ್ನಿಧಿಗೆ ಜನಸಾಗರವೇ ಹರಿದು ಬರುತ್ತದೆ. ದೀಪ ಬೆಳಗುತ್ತದೆ, ದಾಸೋಹ ನಡೆಯುತ್ತದೆ. ಎರಡಕ್ಕೂ ಎಣ್ಣೆ ಬೇಕು. ಜತ್ತ ತಾಲೂಕಿನ ಯಾವ ಜಾತ್ರೆಯೇ ಇರಲಿ, ಉಳಿದ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬ ವಿಚಾರವನ್ನು ತಮ್ಮ ಮುಂದೆ ಇಡಬಯಸುತ್ತೇನೆ.

ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ನಾವು ಉಣ್ಣುವ ವಸ್ತು. ನೀರಿಗೆ ಬಿದ್ದರೆ ಏನು ಕೇಡು ಎನ್ನುವವರುಂಟು. ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಲಂಡನ್ನಿನ ಕೆರೆಯೊಂದಕ್ಕೆ ಒಂದು ಚಮಚ ಎಣ್ಣೆ ಸುರಿದು ನೋಡಿದನು. ಅದು ಸುಮಾರು ಅರ್ಧ ಎಕರೆಯಷ್ಟು ಹರಡಿತೆಂದು 1774ರಲ್ಲಿ ಪ್ರಕಟಿಸಿದನು. ಒಂದು ಚಮಚದಿಂದ ಕೆರೆ ಕೆಡಲಾರದು. ಆದರೆ ಸಾವಿರ ಹಣತೆಗಳ ಎಣ್ಣೆ, ಕಡಾಯಿಗಳ ಜಿಡ್ಡು ಒಂದೇ ಕಡೆ ಸೇರಿದರೆ? ದಪ್ಪ ಪದರವು ಗಾಳಿಯ ಆಮ್ಲಜನಕವನ್ನು ನೀರಿಗೆ ಇಳಿಯಗೊಡದು. ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಇವೆ, ನಿಜ. ಆದರೆ ತಿನ್ನುವಾಗ ಅವು ನೀರಿನೊಳಗಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಮೀನು ಉಸಿರುಗಟ್ಟಿ ಸಾಯುತ್ತದೆ, ನೀರು ನಾರುತ್ತದೆ. ಗರಿಗೆ ಜಿಡ್ಡು ಹತ್ತಿದ ಹಕ್ಕಿ ನೆನೆದು ಚಳಿಗೆ ಸಾಯುತ್ತದೆ.

1991ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಆಂಗಲ್ಸೀ ದ್ವೀಪದ ಬಳಿ ಸೂರ್ಯಕಾಂತಿ ಎಣ್ಣೆ ಹೊತ್ತ ಕಿಮ್ಯಾ ಎಂಬ ಹಡಗು ಅಪಘಾತಕ್ಕೀಡಾಯಿತು. ಚೆಲ್ಲಿದ ಎಣ್ಣೆ ಮರಳಿನೊಡನೆ ಸೇರಿ ಗಟ್ಟಿ ಹೆಂಟೆಯಾಯಿತು. ದಡದ ಚಿಪ್ಪುಜೀವಿಗಳು ಸತ್ತವು. ಕಡಾಯಿಯ ಹೊರಮೈಗೆ ಹತ್ತಿದ ಕುಸುಬಿ ಎಣ್ಣೆ ಹೇಗೆ ಗಟ್ಟಿಯಾಗುತ್ತದೆಂದು ತಾಯಂದಿರಿಗೆ ನಾನು ಹೇಳಬೇಕಿಲ್ಲ.

ಅದು ಸಮುದ್ರ. ನಮ್ಮದು ಮಳೆ ಕಡಿಮೆಯ ನಾಡು, ನಿಂತ ನೀರಿನ ಕೆರೆ. ಬೇಸಿಗೆಯಲ್ಲಿ ನೀರು ಇಳಿದಂತೆ ಹೊಲಸು ದಟ್ಟವಾಗುತ್ತದೆ. ನೀರಿಗಾಗಿ ಕರ್ನಾಟಕ ಸೇರುತ್ತೇವೆಂದು ನಮ್ಮ ಗಡಿ ಊರುಗಳು ಎತ್ತಿದ ಕೂಗು 2022ರಲ್ಲಿ ಎರಡೂ ರಾಜ್ಯಗಳಿಗೆ ಕೇಳಿಸಿತು. ಇಷ್ಟು ಬೇಡಿ ಪಡೆಯುವ ನೀರನ್ನು ನಾವೇ ಕೆಡಿಸಬಹುದೆ?

ಆದ್ದರಿಂದ ಹಣತೆಯಲ್ಲಿ ಉಳಿದ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಡೋಣ; ಸೋಸಿದರೆ ಮತ್ತೆ ದೀಪಕ್ಕೆ ಬರುತ್ತದೆ. ದಾಸೋಹದ ಪಾತ್ರೆಗಳನ್ನು ಮೊದಲು ಬೂದಿಯಿಂದ ಒರೆಸಿ, ಆ ಬೂದಿಯನ್ನು ಕೆರೆಯಿಂದ ದೂರ ಗುಂಡಿಗೆ ಹಾಕೋಣ, ಆಮೇಲೆ ತೊಳೆಯೋಣ. ಸೋಪಿನ ಪುಡಿ ಹಾಕಿದರೆ ಜಿಡ್ಡು ಕಣ್ಣಿಗೆ ಮರೆಯಾಗುತ್ತದೆ, ನೀರಿನಿಂದ ಹೋಗುವುದಿಲ್ಲ.

ಮನುಷ್ಯರಿಗೆ ಅನ್ನವಿಕ್ಕುವ ದಾಸೋಹದಿಂದ ದನಕರುಗಳ, ಮೀನು ಹಕ್ಕಿಗಳ ನೀರು ಕೆಡದಿರಲಿ.