ಹಗ್ಗದ ದಾರಿಯ ಸುಂಕದ ಕಟ್ಟೆಗಳು

ಬಾವಿಯಿಂದ ನೀರು ಸೇದಿ ಬಲ್ಲವರಿಗೆ ನಾನು ಈಗ ಹೇಳಹೊರಟ ಸಂಗತಿಯಲ್ಲಿ ಅರ್ಧ ಆಗಲೇ ತಿಳಿದಿದೆ. ಕುಮಟೆಯಲ್ಲಿ ನಮ್ಮ ಮನೆಯ ಹಿತ್ತಿಲ ಬಾವಿಗೊಂದು ಮರದ ರಾಟೆಯಿತ್ತು. ಬೇಸಗೆಯಲ್ಲಿ ಅದು ಒಣಗಿ ಕಿರುಗುಟ್ಟತೊಡಗಿದರೆ ನನ್ನ ತಾಯಿ ಕೊಡವನ್ನು ಕಟ್ಟೆಯ ಮೇಲಿಟ್ಟು, ರಾಟೆಯ ಅಚ್ಚಿಗೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು, ಆಮೇಲೆ ಹಗ್ಗಕ್ಕೆ ಕೈಹಾಕುತ್ತಿದ್ದಳು. ಕೈ ಸೋತಿತೆಂದು ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಇದಾಗಿ ಅರುವತ್ತು ವರುಷಗಳ ಮೇಲೆ, ಇಂಗ್ಲೆಂಡಿನ ನೈಋತ್ಯ ಮೂಲೆಯ ಫಾಲ್ಮತ್ ಬಂದರಿನಲ್ಲಿ, ಒಂದು ಹಾಯಿದೋಣಿಯ ಮೇಲೆ ಕುಳಿತಿದ್ದಾಗ ಆ ನಾಲ್ಕು ತೊಟ್ಟು ಎಣ್ಣೆ ನನಗೆ ನೆನಪಾಯಿತು.

ದೋಣಿ ನನ್ನ ಬಾಲ್ಯದ ಗೆಳೆಯನದು. ವೈದ್ಯನಾಗಿ ಆ ದೇಶಕ್ಕೆ ಹೋಗಿ ನೆಲೆನಿಂತವನು, ನಿವೃತ್ತನಾದ ಮೇಲೆ 34 ಅಡಿ ಉದ್ದದ ಹಾಯಿದೋಣಿಯೊಂದನ್ನು ಕೊಂಡ. ನಾನು ನಮ್ಮ ಕಡೆಯ ಕಾಲೇಜೊಂದರಲ್ಲಿ ಯಂತ್ರಶಾಸ್ತ್ರ ಕಲಿಸುತ್ತಿದ್ದವನು. ಬೇಸಗೆಯಲ್ಲಿ ಪ್ಲಿಮತ್ ಊರಿನಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಗೆಳೆಯನ ದೋಣಿಗೆ ಅತಿಥಿಯಾಗುತ್ತಿದ್ದೆ. ಗಂಡಹೆಂಡಿರಿಬ್ಬರೇ ಅದನ್ನು ನಡೆಸುತ್ತಿದ್ದರು. ಇಬ್ಬರೇ ಎಂದು ನಾವು ತಿಳಿದಿದ್ದೆವು. ಅದು ನಿಜವಲ್ಲವೆಂದು ತಿಳಿದದ್ದು ಮೂರು ವರುಷಗಳ ಹಿಂದಿನ ಒಂದು ಮಧ್ಯಾಹ್ನ.

ಫೋಯ್ ಎಂಬ ಪುಟ್ಟ ಬಂದರಿನಿಂದ ಫಾಲ್ಮತ್‌ಗೆ ಮರಳುತ್ತಿದ್ದೆವು. ನಡುವೆ ಡಾಡ್‌ಮನ್ ಎಂಬ ಭೂಶಿರ ಕಡಲಿಗೆ ಚಾಚಿಕೊಂಡಿದೆ. ಅಲ್ಲಿ ನೈಋತ್ಯದ ಗಾಳಿ ಬಲವಾಯಿತು. ಗಾಳಿ ಬಲಿತಾಗ ದೊಡ್ಡ ಹಾಯಿಯನ್ನು ಅರ್ಧಕ್ಕಿಳಿಸಿ, ಕೆಳಭಾಗವನ್ನು ಮಡಿಸಿ ಕಟ್ಟಬೇಕು. ಗೆಳೆಯ ಹಗ್ಗ ಸಡಿಲಿಸಿದ. ಹಾಯಿ ಒಂದು ಗಜ ಇಳಿದು ನಿಂತುಬಿಟ್ಟಿತು. ಅಲುಗಿಸಿದರೂ ಇಲ್ಲ, ಜಗ್ಗಿದರೂ ಇಲ್ಲ. ಕೊನೆಗೆ ಅವನು ಕುಣಿಯುವ ಅಟ್ಟದ ಮೇಲೆ ಮಂಡಿಯೂರುತ್ತ ಹಾಯಿಕಂಬದವರೆಗೆ ಹೋಗಿ, ಬಟ್ಟೆಯನ್ನು ಬಾಚಿ ಬಾಚಿ ಎಳೆದ. ಕಾಲು ಜಾರಿತು. ಸೊಂಟದ ರಕ್ಷಾಪಟ್ಟಿ ಹಿಡಿದುಕೊಂಡಿದ್ದರಿಂದ ನೀರಿಗೆ ಬೀಳಲಿಲ್ಲ, ಭುಜ ಮಾತ್ರ ಉಳುಕಿತು.

ಆ ರಾತ್ರಿ ಬಂದರಿನಲ್ಲಿ ಊಟವಾದ ಮೇಲೆ ಅತ್ತಿಗೆ, ಗೆಳೆಯನ ಹೆಂಡತಿಯನ್ನು ನಾನು ಹಾಗೆಯೇ ಕರೆಯುವುದು, ಮೆಲ್ಲಗೆ ಹೇಳಿದರು: "ಇವರು ನೀರಿಗೆ ಬಿದ್ದಿದ್ದರೆ ನಾನೇನು ಮಾಡುತ್ತಿದ್ದೆ ಹೇಳಿ. ಆ ಹಾಯಿಯನ್ನು ಇಳಿಸುವ ಶಕ್ತಿ ನನಗಿಲ್ಲ. ವಿಂಚನ್ನು ನಾಲ್ಕು ಸುತ್ತು ತಿರುವಿದರೆ ತೋಳು ಬೀಳುತ್ತದೆ. ಇವರನ್ನು ಅಲ್ಲಿಯೇ ಬಿಟ್ಟು ಗಾಳಿ ಒಯ್ದತ್ತ ಹೋಗುತ್ತಿದ್ದೆ, ಅಷ್ಟೆ." ಗೆಳೆಯ ತಲೆ ತಗ್ಗಿಸಿ ಕುಳಿತಿದ್ದ. "ಚಳಿಗಾಲಕ್ಕೆ ಮುಂಚೆ ಮಾರಿಬಿಡೋಣ" ಎಂದ. ಇಲ್ಲವಾದರೆ ವಿದ್ಯುತ್ತಿನಿಂದ ತಿರುಗುವ ವಿಂಚುಗಳನ್ನು ಹಾಕಿಸಬೇಕು, ಅದಕ್ಕೆ ತನ್ನ ಪಿಂಚಣಿ ಸಾಲದು ಎಂದ. ನಾನು, "ಮಾರಾಯ, ಮಾರುವುದಿದ್ದರೆ ಮಾರು, ಅದಕ್ಕೆ ಮೊದಲು ನಾಳೆಯೊಂದು ದಿನ ನನಗೆ ಕೊಡು" ಎಂದು ಕೇಳಿಕೊಂಡೆ.

ವಿಂಚ್ ಎಂದರೆ ದೋಣಿಯ ಅಟ್ಟದ ಮೇಲೆ ನೆಟ್ಟಗೆ ನಿಂತ ಲೋಹದ ಉರುಳೆ. ಅದಕ್ಕೆ ಹಗ್ಗ ಸುತ್ತಿ, ತಲೆಯಲ್ಲಿ ಹಿಡಿಯೊಂದನ್ನು ಸಿಕ್ಕಿಸಿ ತಿರುವಿದರೆ ಒಳಗಿನ ಹಲ್ಲುಚಕ್ರಗಳು ತೋಳಿನ ಬಲವನ್ನು ಹಲವು ಪಟ್ಟು ಮಾಡಿಕೊಡುತ್ತವೆ. 40 ಎಂಬ ಅಂಕೆಯ ವಿಂಚಾದರೆ ಲೆಕ್ಕದ ಮಟ್ಟಿಗೆ 40 ಪಟ್ಟು. ಗೆಳೆಯನ ದೋಣಿಯಲ್ಲಿದ್ದುದು ಅದೇ. ಆ ದೊಡ್ಡ ಹಾಯಿಯ ತೂಕವೋ ಹದಿನೈದು ಕಿಲೋ ಮೀರದು. ಹಾಗಿದ್ದ ಮೇಲೆ ಅತ್ತಿಗೆಯ ತೋಳೇಕೆ ಸೋಲಬೇಕು? ಬಲವನ್ನು ಯಾರೋ ನಡುದಾರಿಯಲ್ಲಿ ನುಂಗುತ್ತಿದ್ದಾರೆಂದೇ ಅರ್ಥ.

ಹಾಯಿಯನ್ನು ಏರಿಸುವ ಹಗ್ಗಕ್ಕೆ ನಾವಿಕರು ಹ್ಯಾಲ್ಯಾರ್ಡ್ ಎನ್ನುತ್ತಾರೆ. ಅದು ಹಾಯಿಯ ತಲೆಯಿಂದ ಹೊರಟು, ಕಂಬದ ತುದಿಯ ರಾಟೆಯಲ್ಲಿ ಪೂರ್ತಿ ಹಿಂದಿರುಗಿ, ಕಂಬದ ಬುಡದ ರಾಟೆಯಲ್ಲಿ ಹೊರಳಿ, ಅಟ್ಟದ ಮೇಲಿನ ಇನ್ನೊಂದು ರಾಟೆಯಲ್ಲಿ ಓರೆಯಾಗಿ ತಿರುಗಿ, ಚುಕ್ಕಾಣಿಯ ಬಳಿಯ ವಿಂಚಿಗೆ ಬರುತ್ತದೆ. ಪ್ರತಿಯೊಂದು ತಿರುವೂ ಒಂದು ಸುಂಕದ ಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ, ಅವನ ಪಾಲು ಅವನಿಗೆ ಸಲ್ಲಲೇಬೇಕು. ಇದು ಚಕ್ರಬಡ್ಡಿಯ ಜಾತಿಯ ಸುಂಕವೆಂಬುದು ಇನ್ನೂ ಕೆಟ್ಟದ್ದು. ಒಂದೊಂದು ರಾಟೆ ಹತ್ತರಲ್ಲೊಂದು ಪಾಲು ನುಂಗುತ್ತದೆಂದಿಟ್ಟುಕೊಳ್ಳಿ. ಐದು ರಾಟೆಗಳಾಚೆ 100 ಕಿಲೋ ಎಳೆತ ಮುಟ್ಟಬೇಕಾದರೆ ಈಚೆಯಿಂದ 169 ಕಿಲೋ ಎಳೆಯಬೇಕು. ನೂರರಲ್ಲಿ ಮೂರು ಪಾಲನ್ನು ಮಾತ್ರ ನುಂಗುವ ಒಳ್ಳೆಯ ರಾಟೆಗಳಾದರೆ 116 ಸಾಕು.

ಹಾಯಿ ಇಳಿಯದೆ ನಿಂತದ್ದೂ ಇದೇ ಕಾರಣದಿಂದ. ಏರುವಾಗ ನಮ್ಮಿಂದ ವಸೂಲಾಗುವ ಸುಂಕ ಇಳಿಯುವಾಗ ಹಾಯಿಯಿಂದ ವಸೂಲಾಗುತ್ತದೆ. ಪಾಪ, ಅದರ ಬಳಿಯಿರುವ ಬಂಡವಾಳ ತನ್ನ ತೂಕವೊಂದೇ. ಹಗ್ಗವನ್ನು ಅಷ್ಟೂ ಕಟ್ಟೆಗಳ ಮೂಲಕ ಹಿಂದಕ್ಕೆಳೆದುಕೊಳ್ಳಲು ಅದು ಸಾಲದಾದಾಗ ಹಾಯಿ ಅರ್ಧದಲ್ಲೇ ನಿಲ್ಲುತ್ತದೆ. ಏರಿಸುವಾಗಿನ ಘರ್ಷಣೆ ಬರಿಯ ಆಯಾಸ, ಇಳಿಸುವಾಗಿನ ಘರ್ಷಣೆ ಅಪಾಯ.

ಮರುದಿನ ಬೆಳಿಗ್ಗೆ ಗಾಳಿಯಿರಲಿಲ್ಲ. ಹಾಯಿಯನ್ನು ಬಿಚ್ಚಿ, ಹ್ಯಾಲ್ಯಾರ್ಡಿನ ತುದಿಗೆ ನೀರು ತುಂಬಿದ ಬಕೆಟ್ಟನ್ನು ಕಟ್ಟಿದೆವು, ಒಟ್ಟು 10 ಕಿಲೋ. ಪ್ರಯಾಣದ ಪೆಟ್ಟಿಗೆಗಳನ್ನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆದೆ. ಕಂಬದ ಬಳಿ ತಕ್ಕಡಿ 12 ತೋರಿಸಿತು. ಬುಡದ ರಾಟೆಯನ್ನು ದಾಟಿದ ಮೇಲೆ 15. ಅಟ್ಟದ ರಾಟೆಯನ್ನೂ ದಾಟಿ ವಿಂಚಿನ ಬಳಿಗೆ ಬರುವಾಗ 17. ಹತ್ತು ಕಿಲೋ ನೀರಿಗೆ ಏಳು ಕಿಲೋ ಸುಂಕ! ಅತ್ತಿಗೆ ಆ ಅಂಕೆಗಳನ್ನು ಒಂದು ಕಾಗದದ ಮೇಲೆ ಬರೆದುಕೊಂಡರು. ತಮ್ಮ ತೋಳಿನದೇ ತಪ್ಪೆಂದು ಇಷ್ಟು ಕಾಲ ನಂಬಿದ್ದವರ ಮುಖದಲ್ಲಿ ಆಗ ಕಂಡ ಬೆಳಕನ್ನು ನಾನು ಮರೆತಿಲ್ಲ.

ಬುಡದ ರಾಟೆಯೇ ಮುಖ್ಯ ಅಪರಾಧಿ. ಹಗ್ಗ ಪೂರ್ತಿ ಹಿಂದಕ್ಕೆ ತಿರುಗುವಲ್ಲಿ ರಾಟೆಯ ಮೇಲೆ ಹಗ್ಗದ ಎಳೆತದ ಎರಡರಷ್ಟು ಭಾರ ಬೀಳುತ್ತದೆ, ಕಾಲುಸುತ್ತು ತಿರುಗುವಲ್ಲಿ ಸುಮಾರು 1.4ರಷ್ಟು, 30 ಡಿಗ್ರಿಯಷ್ಟೇ ಬಾಗುವಲ್ಲಿ ಅರ್ಧದಷ್ಟು ಮಾತ್ರ. ಹೆಚ್ಚು ತಿರುವಿರುವಲ್ಲಿ ಒಳ್ಳೆಯ ರಾಟೆ ಇರಬೇಕು. ಇಲ್ಲಿಯೋ ಕಾಲುಸುತ್ತಿನ ಜಾಗದಲ್ಲಿ ಉಪ್ಪು ಕಚ್ಚಿ ತಿರುಗುವುದನ್ನೇ ಮರೆತ ರಾಟೆಯಿತ್ತು. ಅದನ್ನು ತೆಗೆದು, ಗುಂಡುಗಳ ಮೇಲೆ ಉರುಳುವ ಹೊಸದನ್ನು ಹಾಕಿದೆವು. ಉಳಿದವನ್ನು ಸಿಹಿನೀರಿನಲ್ಲಿ ತೊಳೆದೆವು. ಇಲ್ಲಿ ನನ್ನ ತಾಯಿಯ ಪಾಠವನ್ನು ಕೊಂಚ ತಿದ್ದಬೇಕಾಯಿತು. ಪ್ಲಾಸ್ಟಿಕ್ ಗುಂಡುಗಳ ರಾಟೆಗೆ ಎಣ್ಣೆ ಬಿಟ್ಟರೆ ಧೂಳು ಹಿಡಿದು ಕೆಡುತ್ತದೆ, ಸಿಹಿನೀರೇ ಅದರ ಎಣ್ಣೆ. ಹಾಯಿಯ ಅಂಚು ಜಾರುವ ಕಂಬದ ಗಾಡಿಯನ್ನೂ ತೊಳೆದು, ಒಣಗಿದ ಮೇಲೆ ಅಂಟದಂಥ ಸಿಲಿಕೋನ್ ದ್ರವವನ್ನು ತೆಳುವಾಗಿ ಸಿಂಪಡಿಸಿದೆವು. 12 ಮಿಲಿಮೀಟರಿನ ಹಳೆಯ ಹಗ್ಗ ಉಬ್ಬಿ ಬಿರುಸಾಗಿತ್ತು. ಅದರ ಬದಲು ಅಷ್ಟೇ ಗಟ್ಟಿಯಾದ, ಕಡಿಮೆ ಹಿಗ್ಗುವ 10 ಮಿಲಿಮೀಟರಿನದನ್ನು ತಂದೆವು.

ಆಮೇಲೆ ವಿಂಚನ್ನೇ ಬಿಚ್ಚಿದೆವು. ಒಳಗೆ ಪುಟ್ಟ ಸ್ಪ್ರಿಂಗುಗಳಿವೆ, ಬಿಚ್ಚುವಾಗ ಮಿಡತೆಯಂತೆ ನೆಗೆದು ಕಡಲು ಸೇರುತ್ತವೆ. ಅದಕ್ಕಾಗಿ ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ ತೂತು ಕೊರೆದು ವಿಂಚಿನ ಸುತ್ತ ಗೋಡೆಯಂತೆ ಇಟ್ಟುಕೊಂಡೆವು. ಹಳೆಯ ಗ್ರೀಸು ಒಣಗಿ ಮೇಣದಂತಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹಲ್ಲುಚಕ್ರಗಳಿಗೆ ತೆಳುವಾಗಿ ಹೊಸ ಗ್ರೀಸು ಸವರಿದೆವು. ಹಲ್ಲುಗಳಿಗೆ ಅಡ್ಡ ಬಿದ್ದು ಉರುಳೆ ಹಿಂದಕ್ಕೆ ತಿರುಗದಂತೆ ತಡೆಯುವ ಚಿಕ್ಕ ನಾಲಗೆಗಳಿಗೆ ಮಾತ್ರ ಗ್ರೀಸು ಕೂಡದು, ತೆಳುವಾದ ಎಣ್ಣೆಯೇ ಆಗಬೇಕು. ಗ್ರೀಸಿನಲ್ಲಿ ಆ ನಾಲಗೆ ಅಂಟಿಕೊಂಡರೆ ಹಿಡಿ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿದೀತು.

ಇಷ್ಟು ಕೇಳಿದವರಿಗೆ ಘರ್ಷಣೆ ನಮ್ಮ ವೈರಿಯೆಂಬ ಭಾವನೆ ಬಂದೀತು. ಹಾಗಲ್ಲ. ನಮ್ಮೂರಲ್ಲಿ ಹತ್ತು ವರುಷದ ಹುಡುಗ ಹುಚ್ಚೆದ್ದ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಬೆರಳಿನಲ್ಲಿ ಹಿಡಿದು ನಿಲ್ಲುವುದನ್ನು ನೀವೂ ಕಂಡಿದ್ದೀರಿ. ಅವನ ಪರವಾಗಿ ಹೋರಿಯನ್ನು ಹಿಡಿದದ್ದು ಕಂಬದ ಘರ್ಷಣೆ. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ಹೆಸರಿನಲ್ಲಿ ಇದರ ಸೂತ್ರವಿದೆ. ಘರ್ಷಣೆಯ ಗುಣಾಂಕ 0.2 ಎಂದಿಟ್ಟುಕೊಂಡರೆ ಉರುಳೆಗೆ ಹಾಕಿದ ಒಂದು ಸುತ್ತು ಕೈಯ ಹಿಡಿತವನ್ನು ಮೂರೂವರೆ ಪಟ್ಟು ಮಾಡುತ್ತದೆ, ಎರಡು ಸುತ್ತು 12 ಪಟ್ಟು, ಮೂರು ಸುತ್ತು 43 ಪಟ್ಟು, ನಾಲ್ಕು ಸುತ್ತು 150 ಪಟ್ಟು ಮೀರಿ. ಆದ್ದರಿಂದ ದಾರಿಯಲ್ಲಿ ಬೇಡವಾದ ಘರ್ಷಣೆಯೇ ಉರುಳೆಯ ಮೇಲೆ ಬೇಕಾದದ್ದು. ಭಾರವಿಲ್ಲದಾಗ ಒಂದೆರಡು ಸುತ್ತು ಹಾಕಿ ಬರಿಗೈಯಲ್ಲಿ ಬೇಗ ಬೇಗ ಎಳೆದುಕೊಳ್ಳಬೇಕು. ಭಾರ ಹೆಚ್ಚಿದಂತೆ ಮೂರನೆಯ, ನಾಲ್ಕನೆಯ ಸುತ್ತು ಸೇರಿಸಬೇಕು. ಹಗ್ಗ ಉರುಳೆಗೆ ತುಸು ಕೆಳಗಿನಿಂದ, ಐದರಿಂದ ಎಂಟು ಡಿಗ್ರಿಯಷ್ಟು ಓರೆಯಾಗಿ ಬರಬೇಕು. ಇಲ್ಲವಾದರೆ ಸುತ್ತಿನ ಮೇಲೆ ಸುತ್ತು ಹತ್ತಿ ಬಿಗಿದುಕೊಳ್ಳುತ್ತದೆ, ಬಿಚ್ಚಲು ಬಾರದು.

ಇನ್ನು ಸಮಯಜ್ಞಾನದ ಮಾತು. ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಮಡಿ. 10 ನಾಟಿನ ಗಾಳಿ 14ಕ್ಕೆ ಏರಿದರೂ ಸಾಕು, ಭಾರ ಹೆಚ್ಚುಕಡಿಮೆ ಎರಡರಷ್ಟು. ಆದುದರಿಂದ ಹಾಯಿ ಚಿಕ್ಕದು ಮಾಡಬೇಕೆಂಬ ಯೋಚನೆ ಬಂದೊಡನೆ ಮಾಡಿಬಿಡಬೇಕು. ಹಾಯಿಯನ್ನು ಬಿಗಿಮಾಡುವ ಹಗ್ಗಕ್ಕೆ ಶೀಟ್ ಎನ್ನುತ್ತಾರೆ. ದೋಣಿ ಮಗ್ಗುಲು ಬದಲಿಸುವಾಗ ಹಾಯಿ ಬರಿದಾಗಿ ಪಟಪಟಿಸುವ ಕ್ಷಣವೊಂದಿದೆ. ಆಗ ಶೀಟ್ ಎಳೆದುಕೊಂಡರೆ ಮಗುವಿನ ಬಲ ಸಾಕು. ಆ ಕ್ಷಣ ತಪ್ಪಿತೋ, ಮತ್ತೆ ವಿಂಚೇ ಗತಿ. ತಪ್ಪಿದರೂ ಚುಕ್ಕಾಣಿ ಹಿಡಿದವರು ದೋಣಿಯ ಮೂತಿಯನ್ನು ಗಾಳಿಗೆ ತುಸು ತಿರುಗಿಸಿ ಹಾಯಿಯ ಹೊರೆ ಇಳಿಸಿಕೊಡಬಹುದು. ವಿಂಚಿನ ಹಿಡಿಯೂ 8 ಅಂಗುಲದ ಬದಲು 10 ಅಂಗುಲದ್ದಾದರೆ ಬಲ ಕಾಲುಭಾಗ ಹೆಚ್ಚುತ್ತದೆ. ಭುಜ ವಿಂಚಿನ ಮೇಲೆ ಬರುವಂತೆ ನಿಂತು ಮೈಭಾರದಿಂದ ತಿರುವಬೇಕು, ಮಣಿಕಟ್ಟಿನಿಂದಲ್ಲ.

ವಿದ್ಯುತ್ ವಿಂಚು ಬೇಡವೇ ಬೇಡವೆಂದು ನಾನು ಹೇಳುವುದಿಲ್ಲ. ಕೀಲುನೋವಿನ ಕೈಗಳಿಗೆ ಅದೊಂದು ವರ. ಆದರೆ ತೋಳಿಗೆ ಮೇಲೇನೋ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತದೆ, ಮೋಟಾರಿಗೆ ತಿಳಿಯುವುದಿಲ್ಲ. ಅದು ಹಾಯಿಯನ್ನು ಹರಿದೇ ನಿಲ್ಲುತ್ತದೆ. ಹಾಕಿಸುವವರೂ ಮೊದಲು ಹಗ್ಗದ ದಾರಿಯನ್ನು ಹಸನುಮಾಡಿಕೊಳ್ಳುವುದೇ ಸರಿ. ಮೋಟಾರು ಏರಿಸೀತು, ಇಳಿಯಬೇಕಾದದ್ದು ಹಾಯಿ ತಾನೇ.

2024ರ ಅಕ್ಟೋಬರಿನಲ್ಲಿ ನಮ್ಮ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ, ರೂಪಾ ಎಂಬ ಇಬ್ಬರು ಮಹಿಳೆಯರು 'ತಾರಿಣಿ' ಎಂಬ 56 ಅಡಿಯ ಹಾಯಿದೋಣಿಯಲ್ಲಿ ಗೋವೆಯಿಂದ ಹೊರಟು, ಭೂಮಂಡಲವನ್ನು ಸುತ್ತಿ 2025ರ ಮೇ ತಿಂಗಳಲ್ಲಿ ಮರಳಿದರು. ಇಬ್ಬರ ದೋಣಿಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಒಬ್ಬಂಟಿ. ಎಲ್ಲ ಹಗ್ಗಗಳೂ ಪ್ರತಿಯೊಬ್ಬರ ಕೈಗೂ ಬಗ್ಗಬೇಕು. ಒಬ್ಬರ ಕೈಗೆ ಮಾತ್ರ ಬಗ್ಗುವ ದೋಣಿಯಲ್ಲಿ ಇನ್ನೊಬ್ಬರು ಪ್ರಯಾಣಿಕರಷ್ಟೆ.

ಎರಡು ವಾರಗಳ ಮೇಲೆ ಮತ್ತೆ ಬಕೆಟ್ಟು ಕಟ್ಟಿ ಎಳೆದಾಗ ತಕ್ಕಡಿ ಹನ್ನೆರಡೂವರೆ ತೋರಿಸಿತು. ಮಧ್ಯಾಹ್ನ ಹೊರಗಿನ ಕಡಲಿಗೆ ಹೋದೆವು. ಹಾಯಿಗಳೆಲ್ಲ ತುಂಬಿ ಓಡುತ್ತಿರುವಾಗ ಗೆಳೆಯ ಎದ್ದು, ದೋಣಿಯ ಪಕ್ಕಕ್ಕೆ ಕಟ್ಟುವ ಗಾಳಿಚೀಲವೊಂದನ್ನು ನೀರಿಗೆಸೆದು, "ಅದು ನಾನು" ಎಂದು ಕೈಕಟ್ಟಿ ಕುಳಿತುಬಿಟ್ಟ. ನನಗೂ ಏಳಬೇಡವೆಂದು ಸನ್ನೆ ಮಾಡಿದ.

ಅತ್ತಿಗೆ ಒಂದು ಕ್ಷಣ ಅವನನ್ನು ನೋಡಿದರು. ಆಮೇಲೆ ನೋಡಲಿಲ್ಲ. ಮೂತಿಯನ್ನು ಗಾಳಿಗೆ ತಿರುಗಿಸಿದರು. ಹ್ಯಾಲ್ಯಾರ್ಡ್ ಬಿಟ್ಟೊಡನೆ ದೊಡ್ಡ ಹಾಯಿ ಸರಸರನೆ ಇಳಿದು ರಾಶಿಯಾಯಿತು. ಮುಂದಿನ ಹಾಯಿಯನ್ನು ಸುತ್ತಿ, ನೀರಿನಲ್ಲಿ ಯಾವ ಹಗ್ಗವೂ ತೇಲುತ್ತಿಲ್ಲವೆಂದು ಎರಡು ಕಡೆಯೂ ಬಗ್ಗಿ ನೋಡಿ, ಎಂಜಿನ್ ಚಾಲೂ ಮಾಡಿದರು. ಗಾಳಿಚೀಲವನ್ನು ಕೊಕ್ಕೆಗೋಲಿನಿಂದ ಎತ್ತಿದಾಗ ಒಂಬತ್ತು ನಿಮಿಷಗಳಾಗಿದ್ದವು.

"ತಡವಾಯಿತು" ಎಂದರು ಅವರು, ಏದುಸಿರಿನಲ್ಲಿ. "ನೀರು ತಣ್ಣಗಿದೆ. ಇನ್ನೊಮ್ಮೆ ಎಸೆಯಿರಿ."

ಗೆಳೆಯ ಇನ್ನೊಮ್ಮೆ ಎಸೆದ. ದೋಣಿ ಮಾರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಬಕೆಟ್ಟಿನ ಅಂಕೆಗಳನ್ನು ಬರೆದ ಆ ಕಾಗದ ಈಗಲೂ ಅವರ ದೋಣಿಯ ಒಳಗೋಡೆಯ ಮೇಲಿದೆ. ವರುಷಕ್ಕೊಮ್ಮೆ ಹೊಸ ಸಾಲೊಂದು ಅದಕ್ಕೆ ಸೇರುತ್ತದೆ, ಅತ್ತಿಗೆಯ ಕೈಬರಹದಲ್ಲಿ.